ಹಕೀಮರ ಕಾಂಪೌಂಡರ್

ಚನ್ನಪಟ್ಟಣದಲ್ಲಿ ಹಕೀಮ್ ಸಮೀವುಲ್ಲಾ ಸಾಹೇಬರ ದವಾಖಾನೆ ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿ ಮದ್ದು ಕುಟ್ಟಿ, ಸೋಸಿ, ಪೊಟ್ಟಣ ಕಟ್ಟಿಕೊಡುತ್ತಿದ್ದವನು ವಿರೂಪಾಕ್ಷಿಪುರದ ಹನುಮಂತಯ್ಯ. ಒಕ್ಕಲು ಮನೆತನದವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಕೆಲಸಕ್ಕೆ ಸೇರಿ, ಸಾಹೇಬರು ತೀರಿಕೊಳ್ಳುವ ತನಕ ಮೂವತ್ತನಾಲ್ಕು ವರ್ಷ ಅಲ್ಲೇ ಇದ್ದ. ದವಾಖಾನೆಗೆ ಬೀಗ ಬಿದ್ದ ಮೇಲೆ ಊರಿಗೆ ಹೋಗಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ನೋಡಿಕೊಂಡ. ಗೂಡು ಆದಾಗ ರಾಮನಗರದ ಮಾರುಕಟ್ಟೆಗೆ ಹೋಗುವುದು, ಮಿಕ್ಕ ದಿನ ಮನೆ. ಈಗ ಹೇಳುವುದು ಅವನಿಗೆ ಎಪ್ಪತ್ತು ತುಂಬಿದ ವರ್ಷದ ಮಾತು.

ಜನವರಿಯ ಒಂದು ಬೆಳಿಗ್ಗೆ ಸಾಹೇಬರ ಮೊಮ್ಮಗಳು ಆಯಿಷಾ ಅವನನ್ನು ಹುಡುಕಿಕೊಂಡು ಬಂದಳು. ರಾಮನಗರದ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಅವಳು ಇತಿಹಾಸದ ಎಂ.ಎ. ಮಾಡುತ್ತಿದ್ದಳು. ಆ ಕೇಂದ್ರದವರು ಎರಡು ವರ್ಷದಿಂದ ಊರಿನ ಜನರಿಗಾಗಿ ಭಾನುವಾರದ ಫಾರಸಿ ತರಗತಿ ನಡೆಸುತ್ತಿದ್ದರು. ಓದು ಬಿಟ್ಟ ಹೆಂಗಸರು, ರಿಟೈರ್ ಆದ ಗುಮಾಸ್ತರು, ಬೀಡಿ ಅಂಗಡಿಯವರು, ಯಾರು ಬೇಕಾದರೂ ಬರಬಹುದು. ಮಾರ್ಚಿನಲ್ಲಿ, ಇರಾನಿನವರ ಹೊಸ ವರ್ಷವಾದ ನೌರೋಜ್ ದಿನ, ಒಂದು ದಿನದ ಫಾರಸಿ ಹಬ್ಬ ಮಾಡಬೇಕೆಂದು ಹೊರಟಿದ್ದರು.

"ಅಜ್ಜಾನ ಬಯಾಜ್ ತಂದಿದೀನಿ ತಾತ," ಎಂದು ಆಯಿಷಾ ಕಂದು ತೊಗಲಿನ ರಟ್ಟಿನ ಪುಸ್ತಕವೊಂದನ್ನು ಚೀಲದಿಂದ ತೆಗೆದಳು. ಹಕೀಮರು ತಮ್ಮ ಮದ್ದುಗಳನ್ನೆಲ್ಲ ಫಾರಸಿಯಲ್ಲಿ ಬರೆದಿಟ್ಟಿದ್ದ ಕೈಬರಹದ ಪುಸ್ತಕ ಅದು. "ಇದರಲ್ಲಿ ಐದು ಮದ್ದು ಆರಿಸಿ, ಕನ್ನಡಕ್ಕೆ ತಂದು, ಹಬ್ಬದ ದಿನ ಕಿರುಪುಸ್ತಕ ಹಂಚ್ತಾರೆ. ರಮ್ಯಾ ಮೇಡಂ ಅನುವಾದ ಮಾಡ್ತಾ ಅವ್ರೆ. ಅಜ್ಜಾನ ಕೈಬರಹ ಓದೋರು ಅಂದ್ರೆ ನೀವೊಬ್ರೇ. ಒಂದ್ಸಲ ನೋಡಿಕೊಡಿ."

"ಯಾವ್ಯಾವ್ದವ್ವ ಆರಿಸವ್ರೆ?"

"ಶರಬತ್ತು ಎರಡು, ಕೂದಲಿಗೆ ಎಣ್ಣೆ, ಕೆಮ್ಮಿಗೊಂದು, ಮಂಡಿನೋವಿಗೆ ಒಂದು ಲೇಹ್ಯ."

ಪುಸ್ತಕಕ್ಕೆ ಚಾಚಿದ್ದ ಕೈಯನ್ನು ಹನುಮಂತಯ್ಯ ಹಿಂದಕ್ಕೆ ತೆಗೆದುಕೊಂಡ. "ನಂಗೆ ಕಣ್ಣು ಮಂಜಾಗವೆ ಕಣವ್ವ. ಆ ಸಣ್ಣಕ್ಷರ ಈಗ ಕೂಡಾಕಿಲ್ಲ. ನಿಮ್ಮ ಮೇಡಮ್ಮೋರು ಓದ್ಕಂಡಿರೋರು, ಸರ್ಯಾಗೇ ಮಾಡಿರ್ತಾರೆ."

ಅವಳು ಇನ್ನೊಂದೆರಡು ಸಲ ಕೇಳಿ, ಕಾಫಿ ಕುಡಿದು ಹೋದಳು. ಒಳಗಿನಿಂದ ಹೆಂಡತಿ ಸರಸಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. "ಬೆಳಿಗ್ಗೆ ತಾನೆ ನನ್ ಸೂಜಿಗೆ ದಾರ ಪೋಣಿಸ್ಕೊಟ್ರಲ್ಲ," ಎಂದಳು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟುಬಿಟ್ಟ.

ಅವನ ಕಣ್ಣು ಚೆನ್ನಾಗಿಯೇ ಇತ್ತು. ಆ ಲೇಹ್ಯದ ಪುಟವನ್ನು ತೆರೆಯುವ ಧೈರ್ಯವಿರಲಿಲ್ಲ. ಅದರಲ್ಲಿ ತನ್ನ ಹೆಸರು ಇದೆ ಎಂದು ಅವನು ನಂಬಿದ್ದ.

ಎಂಬತ್ತಮೂರನೇ ಇಸವಿ. ಆಗ ಅವನಿಗೆ ಇಪ್ಪತ್ತೆಂಟು. ದವಾಖಾನೆಯ ಮೇಲಿನ ಹಲಗೆಯಲ್ಲಿ ಅಕ್ಕಪಕ್ಕ ಎರಡು ಪಿಂಗಾಣಿ ಜಾಡಿಗಳು ಇರುತ್ತಿದ್ದವು. ಎರಡರಲ್ಲೂ ಕುಚ್ಲಾ, ಹಳ್ಳಿಯವರು ಹೆಮ್ಮುಷ್ಟಿ ಎನ್ನುವ ವಿಷದ ಬೀಜ. ಒಂದರಲ್ಲಿ ಹಸಿಯದು. ಇನ್ನೊಂದರಲ್ಲಿ ದಿನಗಟ್ಟಲೆ ನೆನೆಹಾಕಿ, ನೀರು ಬದಲಾಯಿಸಿ, ಸಿಪ್ಪೆ ಮೊಳಕೆ ತೆಗೆದು, ಹಾಲಿನಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿದು ವಿಷ ಇಳಿಸಿದ್ದು. ಜಾಡಿಗಳ ಮೇಲೆ ಸಾಹೇಬರು ಫಾರಸಿಯಲ್ಲಿ ಚೀಟಿ ಅಂಟಿಸಿದ್ದರು. ಅದನ್ನು ಓದಲು ಬಾರದ ಹನುಮಂತಯ್ಯ ಬಲಗಡೆಯದು, ಎಡಗಡೆಯದು ಎಂದು ಗುರುತಿಟ್ಟುಕೊಂಡಿದ್ದ. ರಂಜಾನಿನ ಮುಂಚೆ ಸುಣ್ಣ ಬಳಿಯಲು ಎಲ್ಲ ಕೆಳಗಿಳಿಸಿ ಮತ್ತೆ ಮೇಲಿಡುವಾಗ ಜಾಡಿಗಳು ಅದಲುಬದಲಾದವು. ಮಾರನೆಯ ದಿನ ಅವನು ಕಟ್ಟಿಕೊಟ್ಟ ಮಂಡಿನೋವಿನ ಲೇಹ್ಯ ತಿಂದ ಗಾಡಿ ಹೊಡೆಯುವವನೊಬ್ಬ ಬಿಲ್ಲಿನಂತೆ ಬೆನ್ನು ಸೆಟೆದು, ಹಲ್ಲು ಕಚ್ಚಿಕೊಂಡು, ಎರಡು ದಿನ ಒದ್ದಾಡಿದ. ಬದುಕಿದ. ಅವನ ಅಣ್ಣತಮ್ಮಂದಿರು ಬಡಿಗೆ ಹಿಡಿದು ಬಂದಾಗ ಸಾಹೇಬರು ಬಾಗಿಲಲ್ಲಿ ನಿಂತು, "ಮದ್ದು ಕಟ್ಟಿದ್ದು ನಾನು, ಕೈ ತಪ್ಪಿದ್ದು ನನ್ನದು," ಎಂದರು. ಅವರ ಹಣೆ ಒಡೆಯಿತು. ಹನುಮಂತಯ್ಯ ಒಳಗೆ ಮೂಟೆಗಳ ಹಿಂದೆ ಕೂತಿದ್ದ. ಎದ್ದು ಬರಲಿಲ್ಲ. ಆ ರಾತ್ರಿ ಸಾಹೇಬರು ಲೇಹ್ಯದ ಪುಟದ ಅಂಚಿನಲ್ಲಿ ಏನೋ ಬರೆಯುವುದನ್ನು ಅವನು ದೂರದಿಂದ ಕಂಡಿದ್ದ.

ಹಣೆಗೆ ಕಟ್ಟಿದ ಬಟ್ಟೆ ಬಿಚ್ಚುವ ಮುಂಚೆಯೇ ಸಾಹೇಬರು ಅವನನ್ನು ಕೂರಿಸಿಕೊಂಡು ಸ್ಲೇಟು ಕೊಟ್ಟರು. "ಓದಕ್ಕೆ ಬರದೋನ ಕೈಗೆ ವಿಷ ಕೊಟ್ಟಿದ್ದು ನಂದೇ ತಪ್ಪು ಹನುಮಂತು. ಇವತ್ತಿಂದ ಕಲಿ." ಎರಡು ವರ್ಷ, ಪ್ರತಿದಿನ ಮಧ್ಯಾಹ್ನದ ನಮಾಜಿನ ಮೇಲೆ ಒಂದು ಗಂಟೆ. ಹೀಗೆ ವಿರೂಪಾಕ್ಷಿಪುರದ ಒಕ್ಕಲ ಮಗ ಫಾರಸಿ ಕಲಿತದ್ದು. ಯಾಕೆ ಕಲಿತ ಎಂಬುದನ್ನು ಅವನು ಯಾರಿಗೂ, ಸರಸಮ್ಮನಿಗೂ ಹೇಳಿರಲಿಲ್ಲ.

ಹಬ್ಬದ ದಿನ ಆಯಿಷಾಳ ಒತ್ತಾಯಕ್ಕೆ ಹೋದ. ಕೇಂದ್ರದ ಸಭಾಂಗಣ ತುಂಬಿತ್ತು. ಒಂದು ಕಡೆ ಮೇಜಿನ ಮೇಲೆ ನೌರೋಜಿನ ಏಳು ವಸ್ತುಗಳು: ಮೊಳಕೆ ಬಂದ ಗೋಧಿ, ಸೇಬು, ಬೆಳ್ಳುಳ್ಳಿ, ವಿನೆಗರ್ ಬಟ್ಟಲು, ಹೀಗೆ. ಇನ್ನೊಂದು ಕಡೆ ಬಿದಿರಿನ ಲೇಖನಿಯಲ್ಲಿ ಜನರ ಹೆಸರನ್ನು ಫಾರಸಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದರು. ಗೋಡೆಯುದ್ದಕ್ಕೂ ಒಂದು ಪಟ್ಟಿ ತೂಗುಹಾಕಿದ್ದರು, "ನಾವು ದಿನಾ ಆಡುವ ಫಾರಸಿ" ಎಂದು. ಜಮೀನು, ದರ್ಖಾಸ್ತು, ಸರ್ಕಾರ, ಕಾರ್ಖಾನೆ, ಬಂದೋಬಸ್ತು, ಗುಲಾಬಿ. ಗೂಡು ಮಾರಲು ಬಂದಿದ್ದ ರೈತರು ಸಹ ಚೀಲ ಹೆಗಲಿಗೆ ಹಾಕಿಕೊಂಡು ನಿಂತು ಓದುತ್ತಿದ್ದರು.

ಹನುಮಂತಯ್ಯನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಮಾಗಡಿ ತಾಲೂಕಿನ ಕಲ್ಯದ ಮುನಿರಾಮಯ್ಯ ಎಂಬ ರೈತ. ಗೂಡು ಮಾರಿ, ಬಸ್ಸಿಗೆ ಹೊತ್ತಿದೆ ಎಂದು ಒಳಗೆ ಬಂದಿದ್ದ. ಬಾಗಿಲಲ್ಲಿ ಕೊಟ್ಟ ಕಿರುಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳಿಟ್ಟು ಓದುತ್ತಿದ್ದ.

"ಯಜಮಾನ್ರೇ, ಈ ಕುಚ್ಲಾ ಅಂದ್ರೆ ಏನು?"

"ಹೆಮ್ಮುಷ್ಟಿ ಕಣಯ್ಯ."

"ಮಂಡಿಗೆ ಒಳ್ಳೇದಂತೆ, ಇದ್ರಲ್ಲಿ ಬರ್ದವ್ರೆ. ಎಲ್ಲಿ ಸಿಕ್ತದೆ?"

"ಇಲ್ಲೇ ಪ್ಯಾಟೇಲಿ ನಾರುಬೇರು ಮಾರೋ ಗ್ರಂಧಿಗೆ ಅಂಗ್ಡಿಲಿ ಸಿಕ್ತದೆ. ಆದ್ರೆ ಬರ್ದಿರೋ ಹಂಗೇ ಮಾಡ್ಬೇಕು, ಒಸಿನೂ ಹೆಚ್ಚುಕಮ್ಮಿ ಆಗ್ಬಾರ್ದು."

"ಬರ್ದಿರೋ ಹಂಗೇ ಮಾಡ್ತೀನಿ ಬುಡಿ," ಎಂದ ಮುನಿರಾಮಯ್ಯ. ಹನ್ನೆರಡೂವರೆಗೆ ಅವನು ಎದ್ದುಹೋದ. ಹನುಮಂತಯ್ಯನ ಕೈಯಲ್ಲೂ ಅದೇ ಪುಸ್ತಕವಿತ್ತು. ಅವನು ಅದನ್ನು ತೆರೆದಿರಲಿಲ್ಲ.

ಊಟವಾದ ಮೇಲೆ ರಮ್ಯಾ ಮಾತಾಡಲು ಎದ್ದಳು. ಕನಕಪುರದ ಕಡೆಯವಳು, ಮೂವತ್ತು ದಾಟಿದ ಅಧ್ಯಾಪಕಿ. ಸುಲ್ತಾನರ ಕಾಲದ ಫರ್ಮಾನು, ಪತ್ರಗಳನ್ನು ಓದುವುದಕ್ಕಾಗಿ ಫಾರಸಿ ಕಲಿತವಳು. ಈ ತರಗತಿಗಳು ಅವಳ ಕೂಸೇ. ಬಯಾಜಿನ ಪುಟಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತ, ಮೊದಲು ಫಾರಸಿಯಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳುತ್ತ ಹೋದಳು. ಶರಬತ್ತು ಬಂತು, ಎಣ್ಣೆ ಬಂತು. ನಲವತ್ತು ವರ್ಷ ನೋಡದ ಲೇಹ್ಯದ ಪುಟ ಗೋಡೆಯಷ್ಟು ದೊಡ್ಡದಾಗಿ ಅವನ ಮುಂದೆ ಬಂದು ನಿಂತಿತು.

"ಕುಚ್ಲಾ, ಮುದಬ್ಬಿರ್," ಎಂದು ರಮ್ಯಾ ಓದಿದಳು. "ಅಂದರೆ, ಕುಚ್ಲಾವನ್ನು ಜಾಣ್ಮೆಯಿಂದ ಸೇರಿಸಿ."

ಹನುಮಂತಯ್ಯ ಕೂಡಲೇ ಕಿರುಪುಸ್ತಕ ಬಿಡಿಸಿದ. ಅಲ್ಲೂ ಅದೇ ಇತ್ತು. ಕುಚ್ಲಾವನ್ನು ಪುಡಿ ಮಾಡಿ, ಜಾಣ್ಮೆಯಿಂದ ಜೇನಿನಲ್ಲಿ ಕಲಸಿ. ನೆನೆಹಾಕುವ ಮಾತಿಲ್ಲ, ಹಾಲಿಲ್ಲ, ತುಪ್ಪವಿಲ್ಲ. ಕೊನೆಯಲ್ಲಿ, ಕಡಲೆಕಾಳಿನಷ್ಟು.

ರಮ್ಯಾ ಮುಂದುವರಿಸಿದ್ದಳು. "ಇದರ ಅಂಚಿನಲ್ಲಿ ಹಕೀಮರು ಸಣ್ಣದಾಗಿ ಬರೆದಿದ್ದಾರೆ, 'ತಪ್ಪು ಬರೆದವನದು, ಕಟ್ಟಿದವನದಲ್ಲ' ಅಂತ. ತಮ್ಮ ಪುಸ್ತಕದಲ್ಲಿ ತಪ್ಪಿದ್ದರೆ ಕ್ಷಮಿಸಿ ಎನ್ನುವ ಹಿರಿಯರ ವಿನಯ ಇದು."

ತನ್ನ ಹೆಸರು ಅಲ್ಲಿರಲಿಲ್ಲ. ಅಷ್ಟು ವರ್ಷ ಯಾವ ಸಾಲಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದನೋ ಆ ಸಾಲು ಅವನನ್ನು ಕಾಯಲು ಬರೆದದ್ದಾಗಿತ್ತು. ಆದರೆ ಅದನ್ನು ಯೋಚಿಸುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಅವನು ಎದ್ದು ನಿಂತ.

"ಪ್ರಶ್ನೆಗಳನ್ನ ಕೊನೇಲಿ ತಗೋತೀವಿ ತಾತ, ಕೂತ್ಕೊಳ್ಳಿ," ಎಂದು ಮೈಕಿನ ಹತ್ತಿರವಿದ್ದ ಹುಡುಗಿಯೊಬ್ಬಳು ಹೇಳಿದಳು. ಹಿಂದೆ ಯಾರೋ ನಕ್ಕರು.

"ಪ್ರಶ್ನೆ ಅಲ್ಲವ್ವ. ಮೇಡಮ್ಮೋರೆ, ಆ ಪದ ಮುದಬ್ಬಿರ್ ಅಲ್ಲ. ಮುದಬ್ಬರ್."

ರಮ್ಯಾ ಪರದೆಯ ಕಡೆ ತಿರುಗಿ ನೋಡಿದಳು. "ಎರಡನ್ನೂ ಒಂದೇ ಥರ ಬರೀತಾರೆ ಅಲ್ವಾ?"

"ಬರೆಯೋದು ಒಂದೇ ಥರ. ನೀವು ಹೇಳಿದ್ದು ರಾಜ್ರ ಕಾಗದದಲ್ಲಿ ಬರೋದು, ಜಾಣ ಮಂತ್ರಿ ಅಂತ. ಹಕೀಮ್ರು ಬರೆಯೋದು ವಿಷ ಇಳಿಸಿದ್ದು ಅಂತ. ನಿಮ್ಮ ಪುಸ್ತಕದಲ್ಲಿ ಇರೋದು ಹಸಿ ವಿಷ ಕಣವ್ವ."

ರಮ್ಯಾಳ ಮುಖದ ರಕ್ತ ಇಳಿದುಹೋದದ್ದು ಹಿಂದಿನ ಸಾಲಿಗೂ ಕಾಣುವಂತಿತ್ತು. ಅವಳು ವಾದ ಮಾಡಲಿಲ್ಲ. ಮೈಕಿನಲ್ಲೇ, "ದಯವಿಟ್ಟು ಎಲ್ಲರೂ ಪುಸ್ತಕ ವಾಪಸ್ ಕೊಡಿ. ಬಾಗಿಲ ಹತ್ತಿರ ಕೊಟ್ಟು ಹೋಗಿ. ಯಾರೂ ಆ ಮದ್ದು ಮಾಡಬೇಡಿ," ಎಂದಳು. ಆಮೇಲೆ ಮೆಟ್ಟಿಲಿಳಿದು ನೇರವಾಗಿ ಅವನ ಬಳಿ ಬಂದಳು.

"ಒಬ್ಬ ಹೋಗ್ಬುಟ್ಟವ್ನೆ," ಎಂದ ಹನುಮಂತಯ್ಯ. "ಕಲ್ಯದೋನು. ಅಂಗ್ಡಿ ತೋರ್ಸಿದ್ದು ನಾನೇ."

ಹಾಜರಿ ಪುಸ್ತಕದಲ್ಲಿ ಹೆಸರಿತ್ತು: ಮುನಿರಾಮಯ್ಯ, ಕಲ್ಯ. ಮುಂದೆ ಬರೆದ ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ. ಆಯಿಷಾ ಪೇಟೆಗೆ ಓಡಿ ಗ್ರಂಧಿಗೆ ಅಂಗಡಿಯಲ್ಲಿ ವಿಚಾರಿಸಿ ಬಂದಳು. ಹೌದು, ಒಂದು ಗಂಟೆ ಹೊತ್ತಿಗೆ ಒಬ್ಬರು ಬಂದಿದ್ದರು. ಇಲಿಗೆ ಹಾಕುವುದಕ್ಕೆ ಎಂದುಕೊಂಡು ಅಂಗಡಿಯವನು ಬೀಜ ಕುಟ್ಟಿ ಪುಡಿ ಮಾಡಿಯೇ ಕೊಟ್ಟಿದ್ದ.

ಆಯಿಷಾಳ ಅಣ್ಣ ಶೋಯೆಬ್ ತನ್ನ ಒಮ್ನಿ ತಂದ. ಮೂರು ಗಂಟೆಯ ಮೇಲಾಗಿತ್ತು. ಮುಂದೆ ಹನುಮಂತಯ್ಯ, ಹಿಂದೆ ರಮ್ಯಾ. ಆಯಿಷಾ ಪುಸ್ತಕ ವಾಪಸ್ ತೆಗೆದುಕೊಳ್ಳಲು ಅಲ್ಲೇ ಉಳಿದಳು. ಕಲ್ಯದಲ್ಲಿ ಯಾರನ್ನಾದರೂ ಬಲ್ಲವರಿಂದ ಹೇಳಿಸೋಣವೆಂದು ರಮ್ಯಾ ಒಂದರ ಮೇಲೊಂದು ಫೋನ್ ಮಾಡುತ್ತಿದ್ದಳು. ಒಬ್ಬರು ಎತ್ತಲಿಲ್ಲ, ಇನ್ನೊಬ್ಬರು ಬೆಂಗಳೂರಿನಲ್ಲಿದ್ದರು.

"ಆಯಿಷಾ ನಿಮಗೆ ತೋರಿಸಿದ್ಲಂತೆ," ಎಂದಳು ಕೊನೆಗೆ. ಆಕ್ಷೇಪಣೆಯ ದನಿಯಲ್ಲ, ತಿಳಿದುಕೊಳ್ಳುವ ದನಿ. "ಕಣ್ಣು ಕಾಣಲ್ಲ ಅಂದ್ರಂತೆ."

"ಸುಳ್ಳು ಹೇಳ್ದೆ."

ಮುಂದಿನ ರಸ್ತೆಯನ್ನೇ ನೋಡುತ್ತ ಅವನು ಎರಡು ಜಾಡಿಗಳ ಕತೆ ಹೇಳಿದ. ಗಾಡಿ ಹೊಡೆಯುವವನು, ಸಾಹೇಬರ ಹಣೆ, ಮೂಟೆಗಳ ಹಿಂದೆ ತಾನು ಕೂತದ್ದು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ.

"ನಾನು ಆ ಪದಕ್ಕೆ ನಿಘಂಟು ನೋಡಲೇ ಇಲ್ಲ," ಎಂದಳು ರಮ್ಯಾ. "ಗೊತ್ತಿರೋ ಪದ ಅಂತ ಮುಂದೆ ಹೋದೆ."

ಕಲ್ಯದ ಟೀ ಅಂಗಡಿಯಲ್ಲಿ ಮನೆ ಕೇಳಿ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮುನಿರಾಮಯ್ಯ ಜಗುಲಿಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದ. ಅವನು ಗಟ್ಟಿಮುಟ್ಟಾಗಿ ನಿಂತಿದ್ದನ್ನು ನೋಡಿ ಹನುಮಂತಯ್ಯನಿಗೆ ಉಸಿರು ಬಂದಂತಾಯಿತು.

"ತಿಂದ್ಯಾ ಅದ್ನ?"

"ಏನ್ನ? ಓ, ಲೇಹ್ಯವಾ. ನಂಗ್ಯಾಕೆ? ನಂದು ಮಂಡಿ ಸರ್ಯಾಗೈತೆ. ನಮ್ಮನೆಯೋಳ್ಗೆ ಮಾಡಿದ್ದು. ನಾಕೂವರೇಲಿ ತಿಂದು ಒಳ್ಗೆ ಮಲ್ಗವ್ಳೆ. ಯಾಕೋ ಕತ್ತು ಹಿಡ್ಕಂಡಂಗೆ ಆಯ್ತದೆ ಅಂದ್ಲು."

ಒಳಗೆ ನಡುಮನೆಯಲ್ಲಿ ನಾಗಲಕ್ಷ್ಮಮ್ಮ ಚಾಪೆಯ ಮೇಲಿದ್ದಳು. ಅರುವತ್ತೈದರ ಹೆಂಗಸು. ಕಣ್ಣು ಪೂರಾ ತೆರೆದಿತ್ತು. ದವಡೆ ಬಿಗಿದು, ತುಟಿ ನಗುವವರ ಹಾಗೆ ಎಳೆದುಕೊಂಡಿತ್ತು. ನಗುವಲ್ಲ ಅದು. ಹೊರಗೆ ಕ್ಯಾನು ಉರುಳಿ ಕಲ್ಲಿಗೆ ಬಡಿದ ಸದ್ದಿಗೆ ಅವಳ ಮೈಯೆಲ್ಲ ಒಮ್ಮೆ ಎಗರಿ, ಬೆನ್ನು ಚಾಪೆಯಿಂದ ಮೇಲೆದ್ದು, ಮತ್ತೆ ಬಿತ್ತು. ಗಾಡಿ ಹೊಡೆಯುವವನದೂ ಹೀಗೇ ಇತ್ತು.

ಹನುಮಂತಯ್ಯ ತಿರುಗಿ ಎರಡೂ ಕೈ ಎತ್ತಿ ಎಲ್ಲರನ್ನೂ ತಡೆದ. ಪಿಸುಮಾತಿನಲ್ಲಿ ಹೇಳಿದ. "ಯಾರೂ ಮಾತಾಡ್ಬ್ಯಾಡಿ. ಲೈಟ್ ಹಾಕ್ಬ್ಯಾಡಿ. ನೀರು ಕುಡಿಸ್ಬ್ಯಾಡಿ, ವಾಂತಿ ಮಾಡಿಸ್ಬ್ಯಾಡಿ. ಸದ್ದಾದಷ್ಟೂ ಇನ್ನೂ ಸೆಟೀತದೆ." ಮುನಿರಾಮಯ್ಯ ಬಾಯಿ ತೆರೆದು ಕೂಗಲು ಹೋದ. ಹನುಮಂತಯ್ಯ ಅವನ ಬಾಯನ್ನು ಅಂಗೈಯಿಂದ ಮುಚ್ಚಿ, ಕಿವಿಯಲ್ಲಿ, "ಆಕೆ ಉಳೀಬೇಕು ಅಂದ್ರೆ ಸುಮ್ನಿರು ಕಣಯ್ಯ," ಎಂದ. ಬೆರಳ ನಡುವೆ ಮುನಿರಾಮಯ್ಯನ ಉಸಿರು ಬಿಸಿಯಾಗಿ ಬಡಿಯುತ್ತಿತ್ತು.

ಚಾಪೆಸಮೇತ ಎತ್ತಿ ಒಮ್ನಿಯ ಹಿಂದಿನ ಸೀಟು ಮಡಚಿ ಮಲಗಿಸಿದರು. ರಮ್ಯಾ ತನ್ನ ದುಪಟ್ಟಾ ತೆಗೆದು ನಾಲ್ಕು ಮಡಿಕೆ ಮಾಡಿ ಅವಳ ಕಣ್ಣಿನ ಮೇಲೆ ಹಗುರವಾಗಿ ಹೊದಿಸಿದಳು. ಉಳಿದ ಲೇಹ್ಯದ ಬಟ್ಟಲನ್ನು ಹನುಮಂತಯ್ಯ ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡ. ಡಾಕ್ಟರಿಗೆ ತೋರಿಸಬೇಕಿತ್ತು.

"ಹಾರನ್ ಹೊಡೀಬ್ಯಾಡ. ಗುಂಡಿಗೆ ಇಳಿಸ್ಬ್ಯಾಡ," ಎಂದು ಶೋಯೆಬನಿಗೆ ಹೇಳಿದ.

ಕಲ್ಯದಿಂದ ಮಾಗಡಿ ದೂರವೇನಲ್ಲ. ಆ ದಾರಿ ಆವತ್ತು ಮುಗಿಯಲಿಲ್ಲ. ಎದುರಿಗೆ ಬಂದ ಲಾರಿಯೊಂದು ಹಾರನ್ ಹೊಡೆದು ಹೋದಾಗ ಹಿಂದೆ ಮೈ ಸೆಟೆದು ತಗಡಿಗೆ ಬಡಿದ ಸದ್ದು ಕೇಳಿತು. ಮುನಿರಾಮಯ್ಯ ಹೆಂಡತಿಯ ಪಾದ ಹಿಡಿಯಲು ಹೋದ. ಮುಟ್ಟಬೇಡ ಎಂದು ರಮ್ಯಾ ಕೈಸನ್ನೆ ಮಾಡಿದಳು. ಅವನು ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅರ್ಧ ದಾರಿಯಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಅಡ್ಡವಾಗಿ ತಿರುಗಿಸಿಕೊಳ್ಳುತ್ತಿತ್ತು. ಅದರ ಮೇಲೆ ಹಾಡು ಜೋರಾಗಿ ಹಾಕಿದ್ದರು. ಶೋಯೆಬ್ ದೂರದಲ್ಲೇ ನಿಲ್ಲಿಸಿ, ಇಳಿದು ಓಡಿಹೋಗಿ, ಡ್ರೈವರನ ಮುಂದೆ ಕೈಮುಗಿದು ನಿಂತ. ಹಾಡು ನಿಂತಿತು. ಟ್ರ್ಯಾಕ್ಟರ್ ಅಂಗುಲ ಅಂಗುಲವಾಗಿ ಪಕ್ಕಕ್ಕೆ ಸರಿಯುವ ತನಕ ಹನುಮಂತಯ್ಯ ಅವಳ ಎದೆ ಏರುವುದನ್ನು ಇಳಿಯುವುದನ್ನು ಎಣಿಸುತ್ತಿದ್ದ. ಒಮ್ಮೆ ಸೆಟೆದಾಗ ಉಸಿರು ಪೂರಾ ನಿಂತೇ ಹೋಯಿತು. ಅವನು ಎಣಿಸುವುದನ್ನೂ ಬಿಟ್ಟ. ಆಮೇಲೆ ಗೊರ್ ಎಂದು ಎಳೆದುಕೊಂಡಳು.

ಮಾಗಡಿಯ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ಡಾಕ್ಟರು ಧನುರ್ವಾಯು ಇರಬೇಕು ಎಂದು ಶುರು ಮಾಡಿದರು. ಹನುಮಂತಯ್ಯ ಬಟ್ಟಲು ಮುಂದಿಟ್ಟು, "ಹೆಮ್ಮುಷ್ಟಿ ಸ್ವಾಮಿ, ಹಸೀದು. ಕಡ್ಲೆಕಾಳಿನಷ್ಟು. ನಾಕೂವರೆಗೆ," ಎಂದ. ಡಾಕ್ಟರು ಅವನ ಮುಖವನ್ನೊಮ್ಮೆ ನೋಡಿ, ಕೋಣೆಯ ದೀಪ ಆರಿಸಿಸಿ, ನರ ಸಡಿಲವಾಗುವ ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಾಕಿದರು. ಇಲ್ಲಿ ಇಷ್ಟೇ ಆಗುವುದು, ಬೆಂಗಳೂರಿಗೆ ಒಯ್ಯಬೇಕು ಎಂದರು. ಆಂಬುಲೆನ್ಸ್ ಸೈರನ್ ಇಲ್ಲದೆ ಹೊರಟಿತು.

ಪೊಲೀಸರು ಬಂದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಹೇಳಿಕೆ ಬರೆದುಕೊಂಡರು. "ಅನುವಾದ ಮಾಡಿದ್ದು ನಾನು, ಅಚ್ಚು ಹಾಕಿಸಿದ್ದು ನಾನು," ಎಂದು ರಮ್ಯಾ ಹೇಳಿದಳು. ದಫೇದಾರರು ಹನುಮಂತಯ್ಯನ ಕಡೆ ತಿರುಗಿ, "ನೀವು ಕಾಪಾಡಕ್ಕೆ ಬಂದೋರು ಅಲ್ವಾ ಯಜಮಾನ್ರೇ, ನಿಮ್ಮದೇನು ಬೇಕಿಲ್ಲ," ಎಂದರು.

"ನಂದೂ ಬರ್ಕಳಿ ಸ್ವಾಮಿ," ಎಂದ ಹನುಮಂತಯ್ಯ. "ಅಂಗ್ಡಿ ತೋರ್ಸಿದ್ದು ನಾನು. ಎರಡು ತಿಂಗ್ಳ ಮುಂಚೆ ಈ ಪುಟ ನೋಡ್ಕೊಡಿ ಅಂತ ಕೇಳ್ದಾಗ ಒಲ್ಲೆ ಅಂದಿದ್ದೂ ನಾನು." ಕೆಳಗೆ ತನ್ನ ಹೆಸರು ಪೂರ್ತಿ ಬರೆದು ಸಹಿ ಹಾಕಿದ. ಹಿಂದಿನ ಸಲ ಅವನ ಪಾಲಿನದನ್ನು ಇನ್ನೊಬ್ಬರು ಹೊತ್ತಿದ್ದರು.

ನಾಗಲಕ್ಷ್ಮಮ್ಮ ನಾಲ್ಕು ದಿನ ಯಂತ್ರದ ಉಸಿರಿನಲ್ಲಿದ್ದು, ಐದನೆಯ ದಿನ ಕಣ್ಣು ಬಿಟ್ಟಳು. ಆ ನಾಲ್ಕು ದಿನ ಹನುಮಂತಯ್ಯ ಊಟ ಬಿಟ್ಟಿದ್ದ. ಯಾಕೆ ಎಂದು ಸರಸಮ್ಮ ಪಟ್ಟುಹಿಡಿದು ಕೇಳಿದಾಗ ಅವಳಿಗೂ ಎಲ್ಲ ಹೇಳಿದ. "ಸಾಹೇಬ್ರು ತೀರಿಕೊಂಡಾಗ ನೀವು ಹಂಗೆ ಅತ್ತಿದ್ದು ಇದುಕ್ಕಾ," ಎಂದಳು.

ಹಬ್ಬದಲ್ಲಿ ಹಂಚಿದ್ದು ನೂರೈವತ್ತು ಪುಸ್ತಕ. ಬಾಗಿಲಲ್ಲಿ ವಾಪಸ್ ಬಂದವು ನೂರ ಹನ್ನೆರಡು. ಮಿಕ್ಕವನ್ನು ಹುಡುಕಿಕೊಂಡು ಆಯಿಷಾಳ ಸ್ಕೂಟರಿನ ಹಿಂದೆ ಕೂತು ಹನುಮಂತಯ್ಯ ಹದಿನೈದು ದಿನ ಅಲೆದ. ಹಾಜರಿ ಪುಸ್ತಕದ ಹೆಸರು ಹಿಡಿದು ಚನ್ನಪಟ್ಟಣ, ಮಾಗಡಿ, ಕನಕಪುರದ ಹಳ್ಳಿಗಳು. ಒಂದು ಮನೆಯಲ್ಲಿ ಮಗು ಅದರ ಹಾಳೆ ಹರಿದು ದೋಣಿ ಮಾಡಿತ್ತು. ಇನ್ನೊಂದು ಕಡೆ ನಿವೃತ್ತ ಮೇಷ್ಟರೊಬ್ಬರು ಬೀಜ ತಂದು ಬಿಸಿಲಿಗೆ ಒಣಹಾಕಿದ್ದರು. ಅವರು ಕೊಡಲೊಪ್ಪದೆ ವಾದ ಮಾಡಿದಾಗ ಹನುಮಂತಯ್ಯ ಮೊರದಲ್ಲಿದ್ದ ಬೀಜವನ್ನೆಲ್ಲ ಬಾಚಿ ತನ್ನ ಟವೆಲ್ಲಿಗೆ ಸುರಿದುಕೊಂಡು ಹೊರಟ. ಕೊನೆಗೂ ಎರಡು ಪುಸ್ತಕ ಸಿಗಲಿಲ್ಲ. ಆ ಎರಡರ ಯೋಚನೆಗೆ ಅವನು ಈಗಲೂ ಒಮ್ಮೊಮ್ಮೆ ಬೆಳಗಿನ ಜಾವ ಎಚ್ಚರವಾಗುತ್ತಾನೆ.

ವಿಶ್ವವಿದ್ಯಾಲಯದವರು ವಿಚಾರಣೆ ನಡೆಸಿದರು. ರಮ್ಯಾಳಿಗೆ ಲಿಖಿತ ಎಚ್ಚರಿಕೆ ಬಂತು. ಭಾನುವಾರದ ತರಗತಿ ನಿಂತಿತು. ಇನ್ನು ಅದು ಶುರುವಾಗುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಆಗಸ್ಟಿನಲ್ಲಿ ಅವಳು ಮತ್ತೆ ಅನುಮತಿ ಕೇಳಿದಳು. ಹಳೆಯ ಕಾಗದ ಓದುವುದನ್ನು ಆ ಕಾಗದದ ಕೆಲಸ ಬಲ್ಲವರ ಜೊತೆ ಕೂತೇ ಕಲಿಸಬೇಕು ಎಂದು ಬರೆದು, ಹನುಮಂತಯ್ಯನ ಹೆಸರು ಸೇರಿಸಿದ್ದಳು. ಮೇಲಿನವರು ಒಪ್ಪಿದರು. ಒಪ್ಪಲು ಮೂರು ತಿಂಗಳು ತೆಗೆದುಕೊಂಡರು.

ಮೊದಲ ಭಾನುವಾರ ಏಳು ಜನ ಬಂದಿದ್ದರು. ಹನುಮಂತಯ್ಯ ವೇದಿಕೆ ಹತ್ತಲೊಪ್ಪದೆ ಅವರ ನಡುವೆಯೇ ಕುರ್ಚಿ ಹಾಕಿಕೊಂಡ. ಬಯಾಜಿನ ಒಂದು ಸಾಲು ಬರೆದು, ಅದನ್ನು ಎಷ್ಟು ಥರ ಓದಬಹುದು ಎಂದು ಕೇಳಿದ. ರಮ್ಯಾಳೂ ನೋಟುಪುಸ್ತಕ ಬಿಡಿಸಿಕೊಂಡು ಏಳರಲ್ಲಿ ಒಬ್ಬಳಾಗಿ ಕೂತಿದ್ದಳು.

ಆ ವಾರವೇ ಅವನು ಒಬ್ಬನೇ ಬಸ್ಸು ಹತ್ತಿ ಕಲ್ಯಕ್ಕೆ ಹೋದ. ಅಷ್ಟು ದಿನ ಹೋಗಿರಲಿಲ್ಲ. ಮುನಿರಾಮಯ್ಯ ಅವನನ್ನು ಕಂಡು ಎದ್ದು ಹಿತ್ತಲಿಗೆ ಹೋದ. ಅದು ನ್ಯಾಯವೇ ಎಂದು ಹನುಮಂತಯ್ಯನಿಗೆ ಅನ್ನಿಸಿತು. ನಾಗಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದು ಕಾಫಿ ಕೊಟ್ಟಳು.

"ಅವ್ರು ಹಂಗೇ. ನನ್ನ ಮ್ಯಾಲೆ ಕ್ವಾಪ ಬಂದ್ರೂ ಹಿತ್ತಲ್ಗೇ ಹೋಗೋದು," ಎಂದಳು. ಆಮೇಲೆ ಎದುರಿಗೆ ಕೂತು, ಮಂಡಿ ನೀವಿಕೊಳ್ಳುತ್ತ ಕೇಳಿದಳು. "ಆ ಲೇಹ್ಯ ಸರ್ಯಾಗಿ ಮಾಡಿದ್ರೆ ನೋವು ಹೋಯ್ತಿತ್ತಾ?"

"ಕೆಲವ್ರಿಗೆ ಹೋಗದು."

"ಹಂಗಾರೆ ನೀವೇ ಮಾಡ್ಕೊಡಿ. ನಿಮ್ಗೆ ಬತ್ತದಲ್ಲ."

"ಇಲ್ಲ ಕಣವ್ವ. ನಾನು ಹಕೀಮ ಅಲ್ಲ. ಅವ್ರು ಪಕ್ಕದಲ್ಲಿ ಕೂತಿರೋರು, ನಾನು ಮಾಡೋನು. ಈಗ ಪಕ್ಕದಲ್ಲಿ ಯಾರೂ ಇಲ್ಲ. ಡಾಕ್ಟ್ರು ಕೊಟ್ಟಿದ್ದೇ ತಗಳಿ."

"ಅದು ಹತ್ತಾಕಿಲ್ಲ," ಎಂದಳು ಅವಳು, ಬೇಸರವಿಲ್ಲದೆ.

ಅವನು ಕಾಫಿ ಕುಡಿದು ಮುಗಿಸಿ, ಮೂರು ಗಂಟೆಯ ಬಸ್ಸಿಗೆ ಹೊರಟ. ಅವಳು ಜಗುಲಿಯ ಕಂಬ ಹಿಡಿದು ನಿಂತು, ಬರುವ ತಿಂಗಳು ಗೂಡು ಮಾರಲು ತಾನೂ ಗಂಡನ ಜೊತೆ ರಾಮನಗರಕ್ಕೆ ಬರುವುದಾಗಿಯೂ, ಅವನು ಹೇಳಿದ ಭಾನುವಾರದ ಕ್ಲಾಸು ಎಲ್ಲಿ ನಡೆಯುತ್ತದೆ ಎಂದು ನೋಡಬೇಕೆಂದೂ ಹೇಳಿದಳು.